ಬಾತುಕೋಳಿಯ ರಕ್ತಕಣ ಉಬ್ಬಿದ ದಿನ

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಆರಿಸಿಕೊಂಡಿದ್ದು ಬಾತುಕೋಳಿಯ ಕೆಂಪು ರಕ್ತಕಣ. ನಾರ್‌ಅಡ್ರಿನಲಿನ್ ಎಂಬ ಹಾರ್ಮೋನು ತಾಗಿದರೆ ಅವು ಉಬ್ಬುತ್ತವೆ. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೂರೂ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಬೆನ್ನಿಗೇ ನೀರು. ಮನುಷ್ಯರ ಕೆಂಪುಕಣ ಹೀಗೆ ಉಬ್ಬುವುದಿಲ್ಲ.

ಮುಂಬೈ ಹತ್ತಿರದ ವಸಾಯಿಯಲ್ಲಿ ಬಾತುಕೋಳಿ ಸಾಕುವವರೊಬ್ಬರಿದ್ದರು. ಅವರು ಕೊಯ್ಯುವ ಹೊತ್ತಿಗೆ ಹೋಗಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಟ್ಯೂಬಿನಲ್ಲಿ ರಕ್ತ ಹಿಡಿಯುತ್ತಿದ್ದೆ. ಐಸ್ ಡಬ್ಬಿ ಎದೆಗೆ ಅವಚಿಕೊಂಡು ಲೋಕಲ್‌ನಲ್ಲಿ ದಾದರಿಗೆ ವಾಪಸ್.

ಮೊದಲ ಮೂರು ವಾರ ಏನೂ ಕಾಣಲಿಲ್ಲ. ಮಾಟುಂಗಾದ ಕಾಕಾ ದಿನಾ ರಾತ್ರಿ ಊಟಕ್ಕೆ ಕೂತಾಗ ಕೇಳುತ್ತಿದ್ದರು, 'ಇವತ್ತರ ಉಬ್ಬಿದವೇನೋ?' ನನಗೆ ಅಳು ಬರುತ್ತಿತ್ತು.

ತಪ್ಪು ಎರಡು ಕಡೆ ಇತ್ತು. ಹಕ್ಕಿಯ ರಕ್ತದಲ್ಲಿ ಆ ಹಾರ್ಮೋನು ಮೊದಲೇ ಇರುತ್ತದೆ, ಅಲ್ವಾ? ನಾನು ತರುವ ಕಣಗಳು ಆಗಲೇ ಉಬ್ಬಿದ್ದವು. ಮೂರು ಸಲ ತೊಳೆದು, ಗ್ಲೂಕೋಸ್ ಇರುವ ದ್ರಾವಣದಲ್ಲಿ 41 ಡಿಗ್ರಿಗೆ 90 ನಿಮಿಷ ಇಟ್ಟ ಮೇಲೆ ತಮ್ಮ ಅಳತೆಗೆ ಇಳಿದವು. ಇನ್ನೊಂದನ್ನು ಕಿಟಕಿಯ ಬೆಳಕಿನಲ್ಲಿ ನೋಡಿದೆ: ಹಿಂದಿನ ದಿನ ಕಲಸಿಟ್ಟಿದ್ದ ನಾರ್‌ಅಡ್ರಿನಲಿನ್ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಗಾಳಿಗೆ ಕೆಟ್ಟುಹೋಗಿತ್ತು. ಆಮೇಲೆ ಆಯಾ ದಿನವೇ ಕಲಸಿ, ಸ್ವಲ್ಪ ಆಸ್ಕಾರ್ಬಿಕ್ ಆಮ್ಲ ಸೇರಿಸಿ, ಫಾಯಿಲ್ ಸುತ್ತಿ ಐಸ್‌ನಲ್ಲಿಡುತ್ತಿದ್ದೆ.

ಹೊರಗಿನ ದ್ರಾವಣದಲ್ಲಿ ಪೊಟ್ಯಾಸಿಯಂ ಕೂಡ ಜಾಸ್ತಿ ಮಾಡಿದೆ. ಕಡಿಮೆಯಿದ್ದರೆ ಉಬ್ಬುವುದು ಕಣ್ಣಿಗೆ ಬೀಳುವುದೇ ಕಷ್ಟ. ಅವತ್ತು ಹಿಮಟೊಕ್ರಿಟ್ ಕ್ಯಾಪಿಲರಿಯಲ್ಲಿ, ಅಂದರೆ ಕಣಗಳು ಎಷ್ಟು ಜಾಗ ತುಂಬಿವೆ ಎಂದು ಅಳೆಯುವ ಸಣ್ಣ ಗಾಜಿನ ನಳಿಗೆಯಲ್ಲಿ, ಕೆಂಪು ಕಂಬ ಎರಡು ಗೆರೆ ಮೇಲೇರಿತ್ತು. ಮತ್ತೆ ಮತ್ತೆ ಅಳೆದೆ.

ಒವಾಬೈನ್ ಹಾಕಿ ಸೋಡಿಯಂ-ಪೊಟ್ಯಾಸಿಯಂ ಪಂಪ್ ನಿಲ್ಲಿಸಿದರೂ ಕಣಗಳು ಉಬ್ಬಿದವು. ಅಂದರೆ ದಾರಿ ಪಂಪ್ ಅಲ್ಲ. ಫ್ಯೂರೊಸೆಮೈಡ್, ಅದೇ ಮೂತ್ರ ಜಾಸ್ತಿ ಮಾಡುವ ಮಾತ್ರೆಯ ಮದ್ದು, ಹಾಕಿದಾಗ ನಿಂತಿತು. ಮೂರನ್ನೂ ಒಟ್ಟಿಗೆ ಸಾಗಿಸುವ ಬಾಗಿಲು ಅದಕ್ಕೆ ಮುಚ್ಚುತ್ತದೆ.

ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆಯೇ ಬೇರೆ. ನಾರ್‌ಅಡ್ರಿನಲಿನ್ ಒಳಗೆ ಹೋಗಿ ಕೆಲಸ ಮಾಡುತ್ತದೋ, ಹೊರಗೇ ನಿಂತು ಸುದ್ದಿ ಮುಟ್ಟಿಸುತ್ತದೋ? ಪ್ರೊಪ್ರನೊಲಾಲ್ ಹಾಕಿ ಆ ಹಾರ್ಮೋನು ಬಂದು ಕೂರುವ, ಕಣದ ಹೊರಮೈಯ ಬೀಟಾ ರಿಸೆಪ್ಟರನ್ನು ಮುಚ್ಚಿದೆ. ಹಾರ್ಮೋನು ಹಾಕಿದರೂ ಕಣಗಳು ಉಬ್ಬಲಿಲ್ಲ. ಅದೇ ಟ್ಯೂಬಿಗೆ ಪೊರೆ ದಾಟಿ ಹೋಗಬಲ್ಲ ಡೈಬ್ಯುಟಿರಿಲ್ ಸೈಕ್ಲಿಕ್ ಎಎಂಪಿ, ಅಂದರೆ ಕಣದೊಳಗೆ ಸುದ್ದಿ ಒಯ್ಯುವ ಅಣುವಿನದೇ ಒಂದು ರೂಪ, ಸೇರಿಸಿ ಕಾದೆ. ಕೆಂಪು ಕಂಬ ಮತ್ತೆ ಮೇಲೇರಿತು. ಅಂದರೆ ಹಾರ್ಮೋನು ಹೊರಗೇ ನಿಂತು ಸುದ್ದಿ ಮುಟ್ಟಿಸುತ್ತದೆ.

ಆ ರಾತ್ರಿ ಕಾಕಾ ಕೇಳುವ ಮೊದಲೇ ಹೇಳಿಬಿಟ್ಟೆ.