ಸಿವಿಲ್ ಓದಿ ಲ್ಯಾಂಡ್‌ಸ್ಕೇಪ್ ಡಿಸೈನಿಗೆ ಬಂದಿದ್ದು: ನನ್ನ ಅನುಭವ

ಮಂಡ್ಯದಲ್ಲಿ ಸಿವಿಲ್ ಬಿಇ ಮುಗಿಸಿ ಸೈಟ್ ಇಂಜಿನಿಯರ್ ಆಗಿ ಶುರು ಮಾಡ್ದೋನು ನಾನು, ಈಗ ಮೈಸೂರಲ್ಲಿ ಪಾರ್ಕು, ಲೇಔಟು, ಕ್ಯಾಂಪಸ್ಸುಗಳ ಡಿಜಿಟಲ್ ಮಾಡೆಲ್ ಮಾಡೋದೇ ಕೆಲಸ. ಜೂನಿಯರ್ಸು ಕೇಳ್ತಾನೇ ಇರ್ತಾರೆ, ಸರ್ ಯಾವ ಸಾಫ್ಟ್‌ವೇರ್ ಕಲೀಲಿ, ಲ್ಯೂಮಿಯನ್ನಾ ಸ್ಕೆಚ್‌ಅಪ್ಪಾ ಅಂತ. ಎರಡೂ ಕಲೀರಿ, ಬೇಡ ಅನ್ನಲ್ಲ, ಆದ್ರೆ ನನಗೆ ಈ ಫೀಲ್ಡಲ್ಲಿ ಕೆಲಸ ಸಿಕ್ಕಿದ್ದು, ಇವತ್ತಿಗೂ ಸಿಗ್ತಿರೋದು ವಾಟ, ಅಂದ್ರೆ ನೆಲದ ಇಳಿಜಾರು, ಗೊತ್ತಿರೋದ್ರಿಂದ. ಮಳೆ ಬಂದ್ರೆ ನೀರು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಲೆವೆಲ್ ಸಮೇತ ಹೇಳೋರು ಡಿಸೈನ್ ಆಫೀಸುಗಳಲ್ಲಿ ತುಂಬಾ ಕಮ್ಮಿ.

ಬೆಟ್ಟದ ತಪ್ಪಲಿನ ಕಡೆ ಮಾಡಿದ ಒಂದು ಲೇಔಟ್ ಪಾರ್ಕಿನ ಕೆಲಸ ಹೇಳ್ತೀನಿ. ಮೊದ್ಲು ಡ್ರೋನ್ ಸರ್ವೆ ಮಾಡಿಸಿದ್ವಿ, ಪಾಯಿಂಟ್ ಕ್ಲೌಡ್ (ಅಳತೆ ಇರೋ ಲಕ್ಷಾಂತರ ಚುಕ್ಕಿಗಳ ಮಾಡೆಲ್) ಚೆನ್ನಾಗೇ ಬಂತು, ಆದ್ರೆ ಡ್ರೋನಿಗೆ ಮರದ ತಲೆ ಕಾಣುತ್ತೆ ಬುಡ ಕಾಣಲ್ಲ, ಹೊಂಗೆ ಸಾಲೆಲ್ಲ ಮಾಡೆಲ್‌ನಲ್ಲಿ ದಿಬ್ಬದ ಥರ ಎದ್ದು ನಿಂತಿರುತ್ತೆ, ಅದನ್ನ ಕ್ಲೀನ್ ಮಾಡಿ ಮರದ ಕೆಳಗಿನ ಲೆವೆಲ್ಲನ್ನ ನೆಲದ ಮೇಲೆ ನಿಲ್ಲಿಸಿ ಅಳೆಯೋ ಟೋಟಲ್ ಸ್ಟೇಷನ್‌ನಲ್ಲೇ ತಗೋಬೇಕು. ಇನ್ನೊಂದು, ಜಿಪಿಎಸ್ ಕೊಡೋ ಎತ್ತರಕ್ಕೂ ಸಮುದ್ರ ಮಟ್ಟದಿಂದ ಲೆಕ್ಕ ಹಾಕೋ ಎತ್ತರಕ್ಕೂ ನಮ್ಮ ಕಡೆ 80 ಮೀಟರಿಗೂ ಜಾಸ್ತಿ ವ್ಯತ್ಯಾಸ ಇದೆ, ಹಳೇ ಡ್ರೈನೇಜ್ ಡ್ರಾಯಿಂಗ್ ಜೊತೆ ಕೂರಿಸೋಕೆ ಮುಂಚೆ ಅದನ್ನ ಸರಿ ಮಾಡ್ಕೊಳ್ಳಿ.

ಆಮೇಲೆ ಸಿವಿಲ್ ಥ್ರೀಡಿ ಅನ್ನೋ ಸಾಫ್ಟ್‌ವೇರಲ್ಲಿ ಸರ್ಫೇಸ್, ಅಂದ್ರೆ ನೆಲದ ಏರಿಳಿತದ ಮಾಡೆಲ್, ಮಾಡ್ಕೊಂಡೆ. ಅದರಲ್ಲಿ ವಾಟರ್ ಡ್ರಾಪ್ ಅಂತ ಒಂದು ಕಮಾಂಡ್ ಇದೆ, ಎಲ್ಲಿ ಕ್ಲಿಕ್ ಮಾಡಿದ್ರೂ ಅಲ್ಲಿ ಬಿದ್ದ ಹನಿ ಹರಿದು ಹೋಗೋ ದಾರೀನ ಗೆರೆ ಎಳೆದು ತೋರಿಸುತ್ತೆ. ಪಾರ್ಕಿನ ತುಂಬಾ ಕ್ಲಿಕ್ ಮಾಡ್ತಾ ಹೋದ್ರೆ ಗೆರೆಗಳೆಲ್ಲ ತಗ್ಗಿನ ಮೂಲೆಗೆ ಬಂದು ಸೇರ್ತಿತ್ತು, ಕಾನ್ಸೆಪ್ಟ್ ಡ್ರಾಯಿಂಗಲ್ಲಿ ಮಕ್ಕಳ ಆಟದ ಜಾಗ ಇದ್ದಿದ್ದೂ ಅಲ್ಲೇ. ಆ ಸ್ಕ್ರೀನ್ ಆರ್ಕಿಟೆಕ್ಟಿಗೆ ತೋರಿಸಿದ್ಮೇಲೆ ಜಾಸ್ತಿ ಮಾತೇ ಬೇಕಾಗ್ಲಿಲ್ಲ, ಆಟದ ಜಾಗ ಮೇಲಕ್ಕೆ ಹೋಯ್ತು, ತಗ್ಗನ್ನ ಮಳೆನೀರು ಇಂಗೋ ಹುಲ್ಲಿನ ಹೊಂಡ ಮಾಡಿದ್ವಿ. ನೆಲದ ಮೇಲೆ ಏನು ಹಾಸ್ತೀವಿ ಅನ್ನೋದೂ ಅಷ್ಟೇ ಮುಖ್ಯ ಕಣ್ರೀ. 1 ಹೆಕ್ಟೇರ್ ಜಾಗ, ಗಂಟೆಗೆ 50 ಮಿಮೀ ಮಳೆ ಅಂದ್ಕೊಳ್ಳಿ, ಹುಲ್ಲು ಇದ್ದು ರನ್‌ಆಫ್ 0.3, ಅಂದ್ರೆ ಬಿದ್ದ ಮಳೇಲಿ ಹತ್ತಕ್ಕೆ ಮೂರು ಪಾಲು ಹರಿದು ಹೋಗುತ್ತೆ ಅಂತ ಹಿಡಿದ್ರೆ ಸೆಕೆಂಡಿಗೆ ಸುಮಾರು 42 ಲೀಟರ್ ಆಚೆ ಹೋಗುತ್ತೆ, ಪೂರ್ತಿ ಪೇವರ್ ಹಾಕಿ 0.8 ಆಯ್ತು ಅಂದ್ರೆ 111 ಲೀಟರ್. ಮೋರಿ ಸೈಜ್ ಮಾತ್ರ ಅದೇ ಇರುತ್ತೆ!

ಓದೋ ವಿಷಯ, ಲ್ಯಾಂಡ್‌ಸ್ಕೇಪ್ ಮಾಸ್ಟರ್ಸಿಗೆ ಹೆಚ್ಚಿನ ಕಡೆ ಬಿ.ಆರ್ಕ್ ಕೇಳ್ತಾರೆ, ಸಿವಿಲ್‌ನೋರಿಗೆ ಎಂ.ಪ್ಲಾನ್ (ನಗರ ಯೋಜನೆಯ ಮಾಸ್ಟರ್ಸ್) ದಾರಿ ಇದೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ನಾವು ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕ್ಕೊಳ್ಳೋ ಹಾಗಿಲ್ಲ, ಪರವಾಗಿಲ್ಲ, ನೆಲದ ಲೆವೆಲ್ ಕೂರಿಸೋ ಗ್ರೇಡಿಂಗು, ಡ್ರೈನೇಜು ನಮ್ಮದೇ.

ಕೆಆರ್‌ಎಸ್‌ಗೆ ಹೋದಾಗ ಬೃಂದಾವನದಲ್ಲಿ ಕಾರಂಜಿ ಒಂದನ್ನೇ ನೋಡ್ಬೇಡಿ. 1932ರಲ್ಲಿ ಮುಗಿದ ತೋಟ, ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಡಿಸೈನು, ಅಣೆಕಟ್ಟೆ ಕೆಳಗಡೆ ಹಂತ ಹಂತವಾಗಿ ನೆಲಾನ ಹೆಂಗೆ ಇಳಿಸಿದಾರೆ, ನೀರನ್ನ ಮಧ್ಯದಲ್ಲಿ ಹೆಂಗೆ ಕರ್ಕೊಂಡು ಬಂದಿದಾರೆ ನೋಡಿ. ಕಂಪ್ಯೂಟರೇ ಇಲ್ಲದ ಕಾಲದ ಆ ಲೆವೆಲಿಂಗ್ ನೋಡಿದ್ರೆ ನನಗೆ ಈಗ್ಲೂ ಮೈ ಜುಮ್ಮನ್ನುತ್ತೆ.

ಕಲಿಯೋಕೆ ದುಡ್ಡು ಬೇಡ. ಇಸ್ರೋದ ನಕ್ಷೆ ವೆಬ್‌ಸೈಟ್ ಭುವನ್‌ನಿಂದ ಕಾರ್ಟೋಸ್ಯಾಟ್ ಉಪಗ್ರಹದ ಎತ್ತರದ ಡೇಟಾ ಇಳಿಸ್ಕೊಂಡು, ಫ್ರೀಯಾಗಿ ಸಿಗೋ ನಕ್ಷೆ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಹಾಕಿ, ಪ್ರೊಜೆಕ್ಷನ್ (ಗುಂಡು ಭೂಮೀನ ಚಪ್ಪಟೆ ನಕ್ಷೆಗೆ ತರೋ ಲೆಕ್ಕ) ಯುಟಿಎಂ 43 ಉತ್ತರ ಇಟ್ಟು ಕುಕ್ಕರಹಳ್ಳಿ ಕೆರೆಗೆ ಎಲ್ಲೆಲ್ಲಿಂದ ನೀರು ಬರ್ಬೇಕು ಅಂತ ಗುರುತು ಮಾಡಿ ನೋಡಿ. ಅದು ಸುಮಾರು 30 ಮೀಟರಿಗೆ ಒಂದು ಎತ್ತರ ಕೊಡೋ ಡೇಟಾ, ಜಲಾನಯನ ನೋಡೋಕೆ ಓಕೆ, ಪಾರ್ಕ್ ಡಿಸೈನಿಗೆ ಸಾಲಲ್ಲ. ಪೋರ್ಟ್‌ಫೋಲಿಯೋದಲ್ಲಿ ರೆಂಡರ್ ಜೊತೆ ಒಂದು ಗ್ರೇಡಿಂಗ್ ಪ್ಲಾನ್ ಇಡಿ, ಕಾಲುದಾರಿ 20ಕ್ಕೆ 1 (20 ಅಡಿ ಉದ್ದಕ್ಕೆ 1 ಅಡಿ ಏರು) ಅನ್ನೋದಕ್ಕಿಂತ ಕಡಿದಾದ್ರೆ ರ‍್ಯಾಂಪ್ ಅಂತ ತೋರಿಸಿ, ರ‍್ಯಾಂಪು 12ಕ್ಕೆ 1 ದಾಟದಂಗೆ ನೋಡ್ಕೊಳ್ಳಿ, ಇಂಟರ್‌ವ್ಯೂನಲ್ಲಿ ನಾನು ಮೊದ್ಲು ತೆಗೆದು ನೋಡೋದು ಆ ಶೀಟನ್ನೇ.