ಇಲ್ಲಿ ಡಿಸಿ ಯಾರು ಮೇಡಂ?

ಕ್ಯಾಲಿಫೋರ್ನಿಯಾದ ಒಂದು ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ಪೇರೆಂಟ್ ಲಿಯೆಜಾನ್, ಅಂದರೆ ಶಾಲೆಗೂ ಮನೆಯವರಿಗೂ ನಡುವಿನ ಕೊಂಡಿಯಾಗುವ ಕೆಲಸಕ್ಕೆ ಸೇರಿದ ಮೊದಲ ತಿಂಗಳ ಮಾತು. ಹಾಸನದಿಂದ ಮಗಳ ಮನೆಗೆ ಆರು ತಿಂಗಳಿಗೆ ಬಂದಿದ್ದ ತಾತ ಒಬ್ಬರು ಮೊಮ್ಮಗಳನ್ನು ಕರೆದೊಯ್ಯಲು ಗೇಟಿನ ಹತ್ತಿರ ನಿಂತಿದ್ದರು. ನಾನು ಕನ್ನಡದವಳು ಅಂತ ತಿಳಿದ ಕೂಡಲೇ ಕೇಳಿದ ಮೊದಲ ಪ್ರಶ್ನೆ: "ಎಲ್ಲರೂ ಡಿಸ್ಟ್ರಿಕ್ಟ್ ಡಿಸ್ಟ್ರಿಕ್ಟ್ ಅಂತಾರಲ್ಲ, ಇಲ್ಲಿ ಡಿಸಿ ಯಾರು ಮೇಡಂ?"

ನಗು ಬಂತು, ಆದರೆ ಪ್ರಶ್ನೆ ಸರಿಯಾಗೇ ಇತ್ತು. ನಮಗೆ ಡಿಸ್ಟ್ರಿಕ್ಟ್ ಅಂದರೆ ಜಿಲ್ಲೆ. ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಶಾಲೆಗಳನ್ನು ನಡೆಸುವುದಕ್ಕೆ ಅಂತಲೇ ಇರುವ ಪ್ರತ್ಯೇಕ ಸ್ಥಳೀಯ ಸಂಸ್ಥೆ. ಅದರ ಮಂಡಳಿಗೆ ಚುನಾವಣೆ ನಡೆಯುತ್ತೆ, ಸೂಪರಿಂಟೆಂಡೆಂಟರನ್ನು ಆ ಮಂಡಳಿ ನೇಮಿಸುತ್ತೆ. ಗಡಿ ಊರಿನ ಗಡಿಗೆ ಹೊಂದಲೇಬೇಕು ಅಂತಿಲ್ಲ. ಕುಪರ್ಟಿನೋದಲ್ಲಿರುವ ನಮ್ಮವರ ಮಕ್ಕಳು ಎಂಟನೇ ಕ್ಲಾಸಿನ ತನಕ ಕುಪರ್ಟಿನೋ ಯೂನಿಯನ್ ಡಿಸ್ಟ್ರಿಕ್ಟಿನಲ್ಲಿ ಓದುತ್ತಾರೆ, ಒಂಬತ್ತಕ್ಕೆ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟಿಗೆ ಹೋಗುತ್ತಾರೆ. ಆ ಫ್ರೀಮಾಂಟ್ ಯೂನಿಯನ್ನಿಗೂ ಫ್ರೀಮಾಂಟ್ ಊರಿಗೂ ಸಂಬಂಧವಿಲ್ಲ, ಆ ಊರಿಗೆ ಬೇರೆಯದೇ ಡಿಸ್ಟ್ರಿಕ್ಟ್ ಇದೆ! ಇದನ್ನು ತಾತನಿಗೆ ಹೇಳಿ ಮುಗಿಸುವಷ್ಟರಲ್ಲಿ ಮೊಮ್ಮಗಳು ಬಂದು ಬ್ಯಾಗನ್ನು ಅವರ ಹೆಗಲಿಗೆ ಹಾಕಿ ಆಗಿತ್ತು.

ಶಿವಮೊಗ್ಗದ ಹೈಸ್ಕೂಲಿನಲ್ಲಿ ಆರು ವರ್ಷ ವಿಜ್ಞಾನ ಕಲಿಸಿದವಳು ನಾನು. ಇಲ್ಲಿ ನನ್ನ ಕೆಲಸ ವಾರಕ್ಕೆ ಇಪ್ಪತ್ತು ಗಂಟೆ. ಡಿಸ್ಟ್ರಿಕ್ಟಿನಲ್ಲಿ ಏನೇನು ಕಾರ್ಯಕ್ರಮ ಇದೆ, ಮಗುವಿಗೆ ಯಾವ ನೆರವು ಸಿಗುತ್ತೆ ಅನ್ನುವುದನ್ನು ಮನೆಯವರಿಗೆ ಮುಟ್ಟಿಸುವುದು. ಭಾಷೆ ಬರುತ್ತೆ, ಪಾಠ ಹೇಳಿ ಅಭ್ಯಾಸ ಇದೆ, ಇದೇನು ಮಹಾ ಅಂದುಕೊಂಡೆ. ಮೊದಲ ವಾರವೇ ವಿದ್ಯಾರ್ಥಿ ನೆರವಿನ ಕರಪತ್ರವನ್ನು ಕನ್ನಡಕ್ಕೆ ತಂದೆ. ನಾಲ್ಕು ಪುಟ. "ಅರ್ಹ ವಿದ್ಯಾರ್ಥಿಗಳಿಗೆ ಪೂರಕ ಶೈಕ್ಷಣಿಕ ಸೇವೆಗಳ ಲಭ್ಯತೆ" ಅಂತ ಶುರುವಾಗುತ್ತಿತ್ತು. ಅದನ್ನು ಓದಿ ನನಗೆ ಫೋನ್ ಮಾಡಿದವರು ಒಬ್ಬರೇ. ಅವರು ಕೇಳಿದ್ದು ಸ್ಕೂಲ್ ಬಸ್ ಬಗ್ಗೆ.

ಯಂತ್ರದ ಅನುವಾದ ಇನ್ನೂ ಸೊಗಸು. ಶಾಲೆಯ ಆ್ಯಪಿನಲ್ಲಿ ಭಾಷೆ ಕನ್ನಡ ಅಂತ ಆರಿಸಿಕೊಂಡರೆ 'ಮಿನಿಮಮ್ ಡೇ' ಹೋಗಿ 'ಕನಿಷ್ಠ ದಿನ' ಆಗುತ್ತೆ. ಮಿನಿಮಮ್ ಡೇ ಅಂದರೆ ಶಾಲೆ ಬೇಗ ಬಿಡುವ ದಿನ. ನಮ್ಮ ಹಾಸನದ ತಾತ 'ಕನಿಷ್ಠ ದಿನ' ಅಂದರೆ ಏನೋ ಲೆಕ್ಕಾಚಾರ ಇರಬೇಕು ಅಂದುಕೊಂಡು ಎಂದಿನಂತೆ ಮೂರು ಗಂಟೆಗೆ ಬಂದರು. ಹುಡುಗಿ ಹನ್ನೆರಡೂವರೆಯಿಂದ ಆಫೀಸಿನ ಬೆಂಚಿನ ಮೇಲೆ ಕೂತಿದ್ದಳು. 'ಸ್ಪೆಷಲ್ ಡೇ ಕ್ಲಾಸ್' ಅನ್ನುವುದು ಹೆಚ್ಚಿನ ನೆರವು ಬೇಕಾದ ಮಕ್ಕಳಿಗೆ ಇರುವ ಪ್ರತ್ಯೇಕ ತರಗತಿ. ಅದು 'ವಿಶೇಷ ದಿನದ ತರಗತಿ' ಆಗಿ, ಒಬ್ಬ ತಾಯಿ ಮಗನಿಗೆ ಜರಿ ಅಂಚಿನ ಜುಬ್ಬ ಹಾಕಿ ಕಳಿಸಿದ್ದರು. ಊಟದ ದರ ಕಡಿತದ ಪತ್ರ 'ಕಡಿಮೆ ಮಾಡಿದ ಊಟ' ಆಗಿದ್ದಾಗ, "ನನ್ನ ಮಗುವಿಗೆ ಯಾಕೆ ಕಡಿಮೆ ಬಡಿಸ್ತೀರಿ?" ಅಂತ ಜಗಳಕ್ಕೇ ಬಂದವರಿದ್ದರು.

ಕನ್ನಡದಲ್ಲಿ ಪತ್ರ ಯಾಕೆ ಬರುವುದಿಲ್ಲ ಅಂತ ಕೇಳುವವರಿಗೆ ಒಂದು ಮಾತು. ಶಾಲೆಯೊಂದರಲ್ಲಿ ಶೇಕಡಾ 15ರಷ್ಟು ಮಕ್ಕಳ ಭಾಷೆ ಒಂದೇ ಆಗಿದ್ದರೆ ಮನೆಗೆ ಹೋಗುವ ನೋಟಿಸುಗಳು ಆ ಭಾಷೆಯಲ್ಲೂ ಇರಬೇಕು ಅಂತ ಕ್ಯಾಲಿಫೋರ್ನಿಯಾದ ಶಿಕ್ಷಣ ಕಾಯ್ದೆ ಹೇಳುತ್ತೆ. ನಾನು ಓಡಾಡಿದ ಯಾವ ಶಾಲೆಯಲ್ಲೂ ಕನ್ನಡ ಆ ಗೆರೆ ಮುಟ್ಟಿಲ್ಲ. ಆದರೆ ಐಇಪಿ ಸಭೆಗೆ, ಅಂದರೆ ಒಂದು ಮಗುವಿಗಾಗಿಯೇ ಶಿಕ್ಷಣ ಯೋಜನೆ ಬರೆಯುವ ಸಭೆಗೆ, ದುಭಾಷಿ ಬೇಕು ಅಂದರೆ ಅವರನ್ನು ಕರೆಸುವ ಹೊಣೆ ಡಿಸ್ಟ್ರಿಕ್ಟಿನದು, ಖರ್ಚೂ ಅವರದೇ. ಅಲ್ಲಿ ಶೇಕಡಾ ಲೆಕ್ಕ ಇಲ್ಲ. ನಮ್ಮವರು ಕೇಳುವುದಿಲ್ಲ ಅಷ್ಟೆ. "ನಮಗೆ ಇಂಗ್ಲಿಷ್ ಬರುತ್ತೆ ಮೇಡಂ, ಬೇಡ" ಅಂತಾರೆ. ಬರುತ್ತೆ, ನಿಜ. ಆದರೆ ಆಫೀಸಿನಲ್ಲಿ ಕೋಡ್ ರಿವ್ಯೂ ಮಾಡುವ ಇಂಗ್ಲಿಷ್ ಬೇರೆ, ಈ ಕಾಗದಗಳ ವಕೀಲಿ ಇಂಗ್ಲಿಷ್ ಬೇರೆ. ಅದೂ ಅಲ್ಲದೆ ಇಂಗ್ಲಿಷ್ ಬಲ್ಲವರು ಹಗಲು ಮನೆಯಲ್ಲಿ ಇರುವುದಿಲ್ಲ. ಮಗುವನ್ನು ಶಾಲೆಯಿಂದ ಕರೆತಂದು, ಬ್ಯಾಗ್ ತೆಗೆದು, ಒಳಗಿನ ಕಾಗದವನ್ನು ಮೊದಲು ಮುಟ್ಟುವವರು ಅಜ್ಜ ಅಜ್ಜಿ.

ಹಾಗಾಗಿ ಕಾಗದ ಬಿಟ್ಟು ಧ್ವನಿಗೆ ಬಂದೆ. ಪ್ರತಿ ಗುರುವಾರ ರಾತ್ರಿ ಎಂಟೂವರೆಗೆ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್. ಎರಡು ನಿಮಿಷ ದಾಟಬಾರದು. ಮೊದಲು ತಾರೀಖು, ಆಮೇಲೆ ಮಾಡಬೇಕಾದ ಕೆಲಸ, ಮಾಡದಿದ್ದರೆ ಏನು ತಪ್ಪಿಹೋಗುತ್ತೆ, ಯಾರನ್ನು ಕೇಳಬೇಕು. ಇಂಗ್ಲಿಷ್ ಹೆಸರನ್ನು ಹಾಗೇ ಇಟ್ಟು ಪಕ್ಕದಲ್ಲಿ ಅರ್ಥ ಹೇಳುತ್ತೇನೆ. "ಬರುವ ಬುಧವಾರ ಮಿನಿಮಮ್ ಡೇ, ಶಾಲೆ ಹನ್ನೆರಡೂವರೆಗೇ ಬಿಡುತ್ತೆ." ಆಫೀಸಿಗೆ ಹೋಗಿ ಕೇಳುವಾಗ ಬೇಕಾಗುವುದು ಆ ಇಂಗ್ಲಿಷ್ ಪದವೇ ತಾನೇ? ಅದನ್ನು ಕನ್ನಡ ಮಾಡಿ ಕೊಟ್ಟರೆ ಕೌಂಟರಿನಲ್ಲಿ ಅವರಿಗೇ ಕಷ್ಟ.

ನನಗೆ ಅತಿ ಹೆಚ್ಚು ಕರೆ ಬಂದಿದ್ದು ಹೋಮ್ ಲ್ಯಾಂಗ್ವೇಜ್ ಸರ್ವೇ ಬಗ್ಗೆ. ಶಾಲೆಗೆ ಸೇರಿಸುವಾಗ ತುಂಬುವ ಒಂದು ಪುಟದ ಫಾರಂ, ನಾಲ್ಕೇ ಪ್ರಶ್ನೆ. ಮಗು ಮೊದಲು ಮಾತು ಕಲಿತದ್ದು ಯಾವ ಭಾಷೆಯಲ್ಲಿ, ಮನೆಯಲ್ಲಿ ಹೆಚ್ಚಾಗಿ ಆಡುವುದು ಯಾವುದು, ಅಪ್ಪ ಅಮ್ಮ ಮಗುವಿನ ಜೊತೆ ಆಡುವುದು ಯಾವುದು, ಮನೆಯ ದೊಡ್ಡವರು ಆಡುವುದು ಯಾವುದು. ಮೊದಲ ಮೂರರಲ್ಲಿ ಎಲ್ಲಾದರೂ ಕನ್ನಡ ಅಂತ ಬರೆದರೆ ಮಗುವಿಗೆ ಎಲ್ಪ್ಯಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ, ಅದೂ ಸೇರಿದ 30 ದಿನದೊಳಗೆ. ಇದು ಹೇಗೋ ನಮ್ಮವರ ನಡುವೆ ಹಬ್ಬಿ, "ಎಲ್ಲಾ ಕಡೆ ಇಂಗ್ಲಿಷ್ ಅಂತ ಬರೀರಿ, ಇಲ್ಲಾಂದ್ರೆ ದಡ್ಡರ ಕ್ಲಾಸಿಗೆ ಹಾಕ್ತಾರೆ" ಅನ್ನುವ ಉಪದೇಶ ಮನೆಯಿಂದ ಮನೆಗೆ ಹೋಗುತ್ತಿತ್ತು. ದಡ್ಡರ ಕ್ಲಾಸು ಅಂತ ಯಾವುದೂ ಇಲ್ಲ. ಇಂಗ್ಲಿಷ್ ಸಾಕಷ್ಟು ಬರುವ ಮಗು ಮೊದಲ ಪರೀಕ್ಷೆಯಲ್ಲೇ ಪಾರಾಗುತ್ತೆ, ಮತ್ತೆ ಆ ಪರೀಕ್ಷೆ ಇರುವುದಿಲ್ಲ. ಬಾರದ ಮಗುವಿಗೆ ಶಾಲೆಯ ಸಮಯದಲ್ಲೇ ಇಂಗ್ಲಿಷ್ ಹೇಳಿಕೊಡುತ್ತಾರೆ. ಆ ಹಕ್ಕು ಸುಮ್ಮನೆ ಬಂದದ್ದೂ ಅಲ್ಲ. ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಅರ್ಥವಾಗದೆ ತರಗತಿಯಲ್ಲಿ ಸುಮ್ಮನೆ ಕೂರುತ್ತಿದ್ದ ಚೀನೀ ಮಕ್ಕಳ ಪರವಾಗಿ ಸುಪ್ರೀಂ ಕೋರ್ಟಿನ ತನಕ ಹೋಗಿ, 1974ರಲ್ಲಿ ಲಾವ್ ವರ್ಸಸ್ ನಿಕೋಲ್ಸ್ ಮೊಕದ್ದಮೆಯಲ್ಲಿ ಗೆದ್ದರು. ಈ ಕಥೆಯನ್ನು ಗುರುವಾರದ ಮೆಸೇಜಿನಲ್ಲಿ ಹೇಳಿದ ವಾರ ಮೂವರು ಆಫೀಸಿಗೆ ಬಂದು ಫಾರಂ ತಿದ್ದಿದರು.

ಇನ್ನು ಹುಬ್ಬಳ್ಳಿಯಿಂದ ಇಲ್ಲಿಗೆ ಬಂದ ಒಂದು ಮನೆಯವರ ಕಥೆ.

ಹುಡುಗನಿಗೆ ಐದು ವರ್ಷ, ಕಿಂಡರ್‌ಗಾರ್ಟನ್. ಮಾತು ಕಡಿಮೆ. ಟೀಚರ್ ಹೇಳಿದ ಮೇಲೆ ಡಿಸ್ಟ್ರಿಕ್ಟಿನಿಂದ ಅಸೆಸ್‌ಮೆಂಟ್ ಪ್ಲಾನ್ ಬಂದಿತ್ತು, ಯಾವ ಯಾವ ಪರೀಕ್ಷೆ ಮಾಡುತ್ತೇವೆ ಅಂತ ಟಿಕ್ ಹಾಕಿದ ಹಾಳೆ. ಪೋಷಕರ ಸಹಿ ಇಲ್ಲದೆ ಮುಂದೆ ಹೋಗುವಂತಿಲ್ಲ. ಹನ್ನೆರಡು ದಿನವಾದರೂ ಸಹಿ ಬಂದಿರಲಿಲ್ಲ. ಫೋನ್ ಮಾಡಿದೆ, "ಬನ್ನಿ ಅಕ್ಕಾ, ಚಾ ಕುಡಿಯೋಕೆ ಬನ್ನಿ" ಅಂದರು ತಾಯಿ. ಹೋದೆ. ಹಾಳೆ ಫ್ರಿಜ್ಜಿನ ಬಾಗಿಲಿನ ಮೇಲೆ ತಿರುಪತಿ ಮ್ಯಾಗ್ನೆಟ್ಟಿನ ಕೆಳಗಿತ್ತು, ಮಡಚಿ, ಬರಹ ಕಾಣದ ಹಾಗೆ.

ಅಜ್ಜಿ ಶುರು ಮಾಡಿದರು. "ನಮ್ಮ ಹುಡುಗಗ ಏನಾಗೈತ್ರಿ? ಅವರಪ್ಪನೂ ನಾಕು ವರ್ಷಕ್ಕ ಮಾತಾಡಿದಂವ." ತಂದೆ ಲ್ಯಾಪ್‌ಟಾಪ್ ಮುಚ್ಚಲಿಲ್ಲ, ಕಿವಿ ಮಾತ್ರ ಇತ್ತಲೇ ಇತ್ತು. ತಾಯಿ ತಡೆದು ತಡೆದು ಕೇಳಿದ್ದು ಇಷ್ಟು: "ಸಹಿ ಹಾಕಿದ್ರೆ ಏನಾಗುತ್ತೆ? ಅವನನ್ನ ಬೇರೆ ಕ್ಲಾಸಿಗೆ ಹಾಕಿಬಿಡ್ತಾರಾ? ಇದು ಅವನ ಹಿಂದೇನೇ ಬರುತ್ತಾ?"

ನಾಲ್ಕು ಪುಟದ ನನ್ನ ಕರಪತ್ರದಲ್ಲಿ ಈ ಪ್ರಶ್ನೆಗೆ ಒಂದು ಸಾಲೂ ಉತ್ತರ ಇರಲಿಲ್ಲ. ಯಾವ ಯಾವ ಸೇವೆ ಇದೆ ಅಂತ ಬರೆದಿದ್ದೆ, ಸಹಿ ಹಾಕಿದ ಮೇಲೆ ಏನಾಗುತ್ತೆ ಅಂತ ಬರೆದಿರಲಿಲ್ಲ. ಅಲ್ಲೇ ಇದ್ದ ಅಂಗಡಿ ಚೀಟಿಯ ಹಿಂದೆ ಗೆರೆ ಎಳೆದು ತೋರಿಸಿದೆ. ಇದು ಮೊದಲ ಸಹಿ. ಪರೀಕ್ಷೆ ಮಾಡಲು ಮಾತ್ರ ಒಪ್ಪಿಗೆ. ಸಹಿ ಅವರ ಕೈ ಸೇರಿದ ಮೇಲೆ 60 ದಿನದೊಳಗೆ, ದೊಡ್ಡ ರಜೆ ಬಿಟ್ಟು, ಸಭೆ ಕರೆಯಬೇಕು. ಸಭೆಯಲ್ಲಿ ನೀವೂ ಕೂರುತ್ತೀರಿ. ಅಲ್ಲಿ ನೆರವು ಬೇಕು ಅಂತ ತೀರ್ಮಾನವಾದರೆ ಎರಡನೇ ಸಹಿ. ಅದನ್ನು ಹಾಕದಿದ್ದರೆ ನೆರವು ಶುರುವಾಗುವುದಿಲ್ಲ. ಸ್ವಲ್ಪಕ್ಕೆ ಒಪ್ಪಿ ಉಳಿದದ್ದಕ್ಕೆ ಬೇಡ ಅನ್ನಬಹುದು. ಮುಂದೆ ಯಾವತ್ತಾದರೂ ಸಾಕು ಅನಿಸಿದರೆ ಪತ್ರ ಬರೆದು ನಿಲ್ಲಿಸಬಹುದು. ದಾಖಲೆಯನ್ನು ಕಂಡಕಂಡವರಿಗೆ ಕೊಡುವಂತಿಲ್ಲ, ಅದಕ್ಕೆ 1974ರಿಂದ ಫರ್ಪಾ ಅನ್ನುವ ಕಾನೂನೇ ಇದೆ.

"ಅಂದ್ರ ಸಹಿ ಎರಡ ಸಲ ರೀ?" ಅಂದರು ಅಜ್ಜಿ. "ಒಂದ ಸಲಕ್ಕ ಎಲ್ಲಾ ಬರಕೊಟ್ಟಂಗ ಅಂತ ಮಾಡಿದ್ವಿ ನಾವು."

ಹೊರಡುವಾಗ ತಿಳಿದ ಇನ್ನೊಂದು ಸಂಗತಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿತು. ಎರಡು ಭಾಷೆಯಿಂದ ಹುಡುಗನಿಗೆ ಗೊಂದಲ ಆಗಿದೆ, ಮನೆಯಲ್ಲಿ ಬರೀ ಇಂಗ್ಲಿಷ್ ಆಡಿ ಅಂತ ಯಾರೋ ಹೇಳಿದ್ದರಂತೆ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಮೂರು ವಾರದಿಂದ ಮೊಮ್ಮಗನ ಜೊತೆ ಅವರು ಮಾತೇ ಆಡಿರಲಿಲ್ಲ. ತಟ್ಟೆ ಮುಂದಿಟ್ಟು ಕೈಸನ್ನೆ ಮಾಡುತ್ತಿದ್ದರು. ಎರಡು ಭಾಷೆ ಕೇಳಿಸಿಕೊಂಡರೆ ಮಾತು ತಡವಾಗುತ್ತೆ ಅನ್ನುವುದು ತಪ್ಪು ತಿಳಿವಳಿಕೆ, ಇದನ್ನು ಸ್ಪೀಚ್ ಥೆರಪಿಸ್ಟರ ಬಾಯಲ್ಲೇ ಹೇಳಿಸಬೇಕಾಯಿತು. ನನ್ನ ಮಾತನ್ನು ಆ ತಂದೆ ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ ಬಿಡಿ.

ಸಹಿ ಮರುದಿನ ಬಂತು. ಪರೀಕ್ಷೆಯ ಹೊತ್ತಿಗೆ ಕನ್ನಡ ದುಭಾಷಿಯನ್ನೂ ಕರೆಸಿದರು. ಇಂಗ್ಲಿಷಿನಲ್ಲಿ ಚಿತ್ರ ತೋರಿಸಿದರೆ ಸುಮ್ಮನಿದ್ದ ಹುಡುಗ ಕನ್ನಡದಲ್ಲಿ ಕೇಳಿದಾಗ ಎರಡು ಮೂರು ಪದ ಜೋಡಿಸಿದ. ಹಾಗಂತ ತೊಂದರೆ ಇಲ್ಲ ಅಂತಲ್ಲ, ಎರಡೂ ಭಾಷೆಯಲ್ಲಿ ವಯಸ್ಸಿಗೆ ತಕ್ಕ ಮಾತು ಬಂದಿರಲಿಲ್ಲ. ತನ್ನ ತರಗತಿಯಲ್ಲೇ ಇದ್ದಾನೆ, ವಾರಕ್ಕೆ ಎರಡು ಸಲ ಸ್ಪೀಚ್ ಥೆರಪಿಗೆ ಹೋಗುತ್ತಾನೆ. ಆ ಅಂಗಡಿ ಚೀಟಿಯ ಗೆರೆಗಳನ್ನು ಚೆನ್ನಾಗಿ ಬರೆದು ಅರ್ಧ ಪುಟದ ಹಾಳೆ ಮಾಡಿಕೊಂಡೆ. ನಮ್ಮವರ ನಡುವೆ ಅದಕ್ಕೆ 'ಎರಡು ಸಹಿ ಕಾಗದ' ಅಂತಲೇ ಹೆಸರು.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಗುಂಪಿನಲ್ಲಿ ಒಬ್ಬ ತಾಯಿ "ಐಇಪಿ ಮೀಟಿಂಗ್ ಮುಂದೂಡಬಹುದಾ?" ಅಂತ ಕೇಳಿದರು. ಅವರಿಗೆ ಬೇರೆಯಾಗಿ ಫೋನ್ ಮಾಡುವ ಬದಲು ಗುಂಪಿನಲ್ಲೇ ಉತ್ತರಿಸಿಬಿಟ್ಟೆ, ಅದೂ "ಹೋದ ಸಲದ ಹಾಗೆ ಮಾಡೋಣ" ಅಂತ. ಹೋದ ಸಲವೂ ಇತ್ತು ಅಂತ ಅರವತ್ತು ಮನೆಗೆ ಗೊತ್ತಾಯಿತು. ಮರುದಿನ ಬೆಳಗ್ಗೆ ಅವರು ಗುಂಪು ಬಿಟ್ಟಿದ್ದರು. ಕ್ಷಮೆ ಕೇಳಿದೆ, "ಪರವಾಗಿಲ್ಲ ಬಿಡಿ" ಅಂದರು, ಆದರೆ ಮತ್ತೆ ಗುಂಪಿಗೆ ಬರಲಿಲ್ಲ. ಈಗ ಗುಂಪಿನಲ್ಲಿ ನಾನು ಮಾತ್ರ ಮೆಸೇಜ್ ಹಾಕುವ ಹಾಗೆ ಸೆಟ್ಟಿಂಗ್ ಇದೆ. ಒಂದು ಮಗುವಿನ ವಿಷಯ ಏನೇ ಇದ್ದರೂ ಫೋನಿನಲ್ಲಿ, ಇಲ್ಲವೇ ಎದುರಿಗೆ.

ಇನ್ನೂ ಸರಿಹೋಗದ ಒಂದು ವಿಷಯ ಆದಾಯದ ಫಾರಂ. 2022ರ ಆಗಸ್ಟಿನಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ಎಲ್ಲಾ ಮಕ್ಕಳಿಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ. ಹಾಗಿದ್ದರೆ ಸಂಬಳ ಎಷ್ಟು ಅಂತ ಯಾಕೆ ಕೇಳುತ್ತೀರಿ ಅನ್ನುತ್ತಾರೆ. ಕೇಳುವುದಕ್ಕೆ ಕಾರಣ ಇದೆ. ಕಡಿಮೆ ಆದಾಯದ ಮನೆಯ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಸರ್ಕಾರದ ಪಾಲನೆಯಲ್ಲಿರುವ ಮಕ್ಕಳು ಎಷ್ಟು ಅನ್ನುವ ಲೆಕ್ಕದ ಮೇಲೆ ರಾಜ್ಯದಿಂದ ಡಿಸ್ಟ್ರಿಕ್ಟಿಗೆ ಹೆಚ್ಚಿನ ಹಣ ಬರುತ್ತೆ. ರೆಸ್ಟೋರೆಂಟ್ ಅಡುಗೆಮನೆಯಲ್ಲಿ ದುಡಿಯುವ ಒಬ್ಬರು ಇದನ್ನೆಲ್ಲಾ ಕೇಳಿ, "ನಮ್ಮ ವೀಸಾ ವಿಷಯ ಕೆದಕಲ್ಲ ತಾನೇ?" ಅಂದರು. ಮಗುವನ್ನು ಸೇರಿಸಿಕೊಳ್ಳಲು ವೀಸಾ ನೋಡುವಂತಿಲ್ಲ ಅಂತ 1982ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಅಂತ ಹೇಳಿದೆ. ಫಾರಂ ತೆಗೆದುಕೊಂಡು ಹೋದರು. ಇನ್ನೂ ವಾಪಸ್ ಬಂದಿಲ್ಲ. ನಾನೂ ಒತ್ತಾಯ ಮಾಡಿಲ್ಲ.

ಹೋದ ಗುರುವಾರ ಸುಸ್ತಾಗಿತ್ತು, ಮೆಸೇಜನ್ನು ಗಡಿಬಿಡಿಯಲ್ಲಿ ಹೇಳಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಹಾಸನದ ತಾತ, ಎರಡನೇ ಸಲ ಬಂದಿದ್ದಾರೆ. "ಮೇಡಂ, ನೀವು ಮಿನಿಮಮ್ ಡೇ ಮಂಗಳವಾರ ಅಂದ್ರಿ. ಶಾಲೆ ಕ್ಯಾಲೆಂಡರಿನಲ್ಲಿ ಬುಧವಾರ ಇದೆ. ನಾನು ಗುರುತು ಹಾಕಿ ಇಟ್ಕೊಂಡಿದೀನಿ. ಒಂದ್ಸಲ ನೋಡ್ಕೊಂಡು ಇನ್ನೊಂದು ಕಳಿಸ್ಬಿಡಿ, ಎಲ್ಲರೂ ಮಲಗೋದ್ರೊಳಗೆ."