ಮಳೆಗಾಲದ ಟ್ರೈನಿಂಗ್: ಮೂಡಿಗೆರೆ ಕಡೆಯ ನಮ್ಮ ರೆಸಾರ್ಟ್‌ನ ಅನುಭವ

ಹೌಸ್‌ಕೀಪಿಂಗ್, ಸರ್ವಿಸ್ ಎರಡನ್ನೂ ಊರ ಹುಡುಗ ಹುಡುಗಿಯರಿಂದಲೇ ನಡೆಸುತ್ತೇನೆ ಅಂದಾಗ ಸುತ್ತಲಿನ ಹೋಂಸ್ಟೇಯವರು ಯಾರೂ ನಂಬಲಿಲ್ಲ. "ಕಾಫಿ ಕೊಯ್ಲು ಶುರುವಾಗಲಿ, ಒಬ್ಬರೂ ಇರಲ್ಲ ನೋಡಿ" ಅಂದರು. ಈಗ ನಮ್ಮ 18 ರೂಮು ನೋಡಿಕೊಳ್ಳುವವರಲ್ಲಿ ಮುಕ್ಕಾಲು ಪಾಲು ಅಕ್ಕಪಕ್ಕದ ಹಳ್ಳಿಯವರೇ. ಎರಡು ಸೀಸನ್‌ನಿಂದ ಹೊರಗಿನವರನ್ನು ಕರೆಸಿಲ್ಲ.

ಅದಕ್ಕೂ ಮೊದಲು ತುಂಬಾ ದುಡ್ಡು ಹೋಗಿತ್ತು. ಒಂದು ಏಜೆನ್ಸಿಗೆ ತಲೆಗೆ ಹತ್ತು ಸಾವಿರದ ಹತ್ತಿರ ಕೊಟ್ಟು ಜನ ತರಿಸಿದೆವು. ಮೂರು ತಿಂಗಳೊಳಗೆ ಅರ್ಧದಷ್ಟು ಜನ ಗೋವಾ, ಬೆಂಗಳೂರು ಅಂತ ಹೊರಟರು. ಆಮೇಲೆ ಟ್ರೈನರ್ ಒಬ್ಬರು ಬಂದು ವಾರವಿಡೀ ಪ್ರೊಜೆಕ್ಟರ್ ಹಾಕಿ ಪಾಠ ಮಾಡಿದರು. ಊಟ, ವಸತಿ ಎಲ್ಲಾ ಸೇರಿ ಅರವತ್ತು ಸಾವಿರ ಆಗಿರಬೇಕು. ಮುಂದಿನ ವಾರ ಬೆಡ್‌ಶೀಟ್ ಮೂಲೆ ಮಡಿಸುವುದು ಒಬ್ಬರಿಗೂ ಬರಲಿಲ್ಲ.

ದಾರಿ ಸಿಕ್ಕಿದ್ದು ಮಳೆಗಾಲದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ವಾರದ ನಡುವೆ ರೂಮು ಖಾಲಿ, ತೋಟದಲ್ಲೂ ಕೆಲಸ ಕಮ್ಮಿ. ಕಲಿಸಲು ಜಾಗವೂ ಇದೆ, ಕಲಿಯುವವರಿಗೆ ಸಮಯವೂ ಇದೆ. ದಸರಾ ರಜೆಗೆ ಎಲ್ಲರೂ ತಯಾರಾಗಿರುತ್ತಾರೆ.

ಆರ್-1 (ಬಾತ್‌ರೂಮ್ ತೊಳೆಯುವ ದ್ರಾವಣ), ಆರ್-2 (ಉಳಿದೆಲ್ಲ ಕಡೆ ಒರೆಸುವ ದ್ರಾವಣ) ಬಾಟಲಿ ಗುರುತಿಸುವುದು, ಒರೆಸುವ ಬಟ್ಟೆ ಬಣ್ಣ ನೋಡಿ ಬೇರೆ ಮಾಡುವುದು ನಿಮಗೆಲ್ಲ ಗೊತ್ತಿರುವುದೇ, ಬಿಡಿ. ನಾನು ಬದಲಿಸಿದ್ದು ಕಲಿಸುವ ಕ್ರಮವನ್ನು. ಮೊದಲು ಲಾಂಡ್ರಿ, ಆಮೇಲೆ ಬೆಡ್, ಬಾತ್‌ರೂಮ್, ಕೊನೆಗೆ ಡೈನಿಂಗ್. ಅರಿಶಿನದ ಕಲೆ ತೆಗೆಯಲು ಒದ್ದಾಡಿದವರು ಸಾಂಬಾರ್ ಬಡಿಸುವಾಗ ಸೌಟನ್ನು ಹುಷಾರಾಗಿ ಹಿಡಿಯುತ್ತಾರೆ. ಇಂಗ್ಲಿಷ್ ಎಲ್ಲಕ್ಕಿಂತ ಕೊನೆಗೆ, ಅದೂ ಅವರವರ ಕೆಲಸಕ್ಕೆ ಬೇಕಾದ ನಲವತ್ತು ವಾಕ್ಯ ಅಷ್ಟೇ. ಅಲ್ಲಿಯವರೆಗೆ ಕನ್ನಡದಲ್ಲೇ ಧೈರ್ಯವಾಗಿ ಮಾತಾಡಲಿ. ಚಿಕ್ಕಂದಿನಿಂದ ಕಾಫಿ ಕೊಯ್ದ ಹುಡುಗಿಯೊಬ್ಬಳು ಅರೇಬಿಕಾ, ರೊಬಸ್ಟಾ ಗಿಡಗಳನ್ನು ತೋರಿಸುತ್ತಾ ಎಸ್ಟೇಟ್ ವಾಕ್ ಕರೆದುಕೊಂಡು ಹೋದರೆ ಗೆಸ್ಟ್‌ಗಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದು: ಪ್ರತಿಯೊಬ್ಬರೂ ಒಂದು ರಾತ್ರಿ ಗೆಸ್ಟ್ ಆಗಿ ಉಳಿಯಬೇಕು. ಉಳಿದವರು ಅವರಿಗೆ ಚೆಕ್‌ಇನ್ ಮಾಡಿಸಿ, ಊಟ ಬಡಿಸಿ, ಬಿಲ್ ಕೊಡಬೇಕು. ಬೆಳಗ್ಗೆ ಅವರೇ ಪಟ್ಟಿ ಹೇಳುತ್ತಾರೆ. ಮಲಗಿದ ಮೇಲೆ ಲೈಟ್ ಸ್ವಿಚ್ ಕೈಗೆ ಸಿಗಲ್ಲ, ಬಿಸಿನೀರು ಬರಲು ಹೊತ್ತಾಗುತ್ತದೆ, ಒದ್ದೆ ಜಾಕೆಟ್ ಹಾಕಲು ಕೊಕ್ಕೆ ಇಲ್ಲ. ನಾನು ವರ್ಷಗಟ್ಟಲೆ ಓಡಾಡಿದ ರೂಮುಗಳು ಅವು!

ಹುಡುಗಿಯರನ್ನು ರೆಸಾರ್ಟ್‌ಗೆ ಕಳಿಸಲು ಮನೆಯವರು ಹೆದರುತ್ತಿದ್ದರು. ಒಂದು ಭಾನುವಾರ ಅಪ್ಪ ಅಮ್ಮಂದಿರನ್ನೆಲ್ಲ ಕರೆಸಿ ಊಟ ಹಾಕಿ, ಅಡುಗೆಮನೆಯಿಂದ ಹಿಡಿದು ಎಲ್ಲಾ ಜಾಗ ತೋರಿಸಿದೆ. ಕತ್ತಲಾಗುವ ಮೊದಲು ನಮ್ಮ ಜೀಪಲ್ಲೇ ಮನೆಗೆ ಬಿಡುತ್ತೇವೆ. ಡೀಸೆಲ್ ಖರ್ಚು ನಮ್ಮದೇ.

ಮಳೆಯಲ್ಲಿ ಶೀಟು ಒಣಗದೆ ಒಂದು ಪ್ರಯೋಗ ಮಾಡಿದೆವು. ಕಾಫಿ ಒಣಗಿಸುವ ಪಾಲಿಹೌಸ್ ಆಗ ಖಾಲಿ ಇರುತ್ತದಲ್ವಾ, ಅಲ್ಲಿ ಹಗ್ಗ ಕಟ್ಟಿದೆವು. ಒಣಗಿತು, ಆದರೆ ಮುಗ್ಗಲು ವಾಸನೆ ಹೋಗಲಿಲ್ಲ. ಕೊನೆಗೆ ಡ್ರೈಯರ್ ತಂದೆವು, ಒಂದೂವರೆ ಲಕ್ಷದ ಮೇಲಾಯಿತು.

ದುಡ್ಡಿನ ವಿಷಯ. ಸ್ಟೈಪೆಂಡ್, ಊಟ, ಎರಡು ಜೊತೆ ಯೂನಿಫಾರ್ಮ್, ಒಡೆದ ಗ್ಲಾಸು ಎಲ್ಲಾ ಸೇರಿ ಮೂರು ತಿಂಗಳಿಗೆ ತಲೆಗೆ ಸುಮಾರು 30 ಸಾವಿರ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಗೂ ಸೇರಿಕೊಂಡೆವು. ಸ್ಟೈಪೆಂಡ್‌ನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರ ಕೊಡುತ್ತದೆ. 30 ಜನ ಕೆಲಸಗಾರರಿದ್ದರೆ ಅಪ್ರೆಂಟಿಸ್ ಇಟ್ಟುಕೊಳ್ಳುವುದು ಕಡ್ಡಾಯ. ನಮ್ಮಂಥ ಚಿಕ್ಕ ಜಾಗಕ್ಕೆ ಅದು ಇಷ್ಟಕ್ಕೆ ಬಿಟ್ಟದ್ದು.

ಇನ್ನು ಕೊಯ್ಲು. ಡಿಸೆಂಬರ್‌ನಲ್ಲಿ ರೂಮು ಭರ್ತಿ, ತೋಟದಲ್ಲೂ ಹಣ್ಣು. ಕೆಜಿ ಲೆಕ್ಕದ ಕೂಲಿ, ಕೈ ಚುರುಕಿದ್ದವರಿಗೆ ನಮ್ಮ ಸಂಬಳಕ್ಕಿಂತ ಜಾಸ್ತಿ ಸಿಗುತ್ತದೆ. ಮೊದಲ ವರ್ಷ ಕ್ರಿಸ್‌ಮಸ್ ವಾರದಲ್ಲಿ ನಾಲ್ಕೈದು ಜನ ಹೋಗಿಬಿಟ್ಟರು. ಈಗ ಸೋಮವಾರದಿಂದ ಗುರುವಾರ ಸರದಿ ಮೇಲೆ ಕೊಯ್ಲಿಗೆ ಬಿಡುತ್ತೇನೆ, ಶುಕ್ರವಾರದಿಂದ ಭಾನುವಾರ ಕಡ್ಡಾಯ ಡ್ಯೂಟಿ. ಕ್ರಿಸ್‌ಮಸ್ ವಾರ ಪೂರ್ತಿ ನಮ್ಮದು. ಮಾರ್ಚ್‌ನಲ್ಲಿ ಒಟ್ಟಿಗೆ ಒಂದು ಬೋನಸ್ ಕೊಡುತ್ತೇನೆ. ಅದನ್ನು ಯಾವ ಲೆಕ್ಕದಲ್ಲಿ ಹಂಚುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಅವತ್ತು ನಂಬದಿದ್ದವರಲ್ಲಿ ಇಬ್ಬರು ಈ ಮಳೆಗಾಲಕ್ಕೆ ತಮ್ಮ ಹುಡುಗರನ್ನೂ ಸೇರಿಸಿಕೊಳ್ಳಿ ಅಂತ ಕೇಳಿದ್ದಾರೆ. ಫೀಸು ಬೇಡ ಅಂದೆ. ಸ್ಟೈಪೆಂಡ್ ಅವರೇ ಕೊಡಬೇಕು, ಕಲಿತು ಹೋದ ಮೇಲೆ ಒಂದು ರಾತ್ರಿ ಅವರ ರೂಮಿನಲ್ಲೂ ಆ ಹುಡುಗರು ಗೆಸ್ಟ್ ಆಗಿ ಉಳಿಯಬೇಕು. ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ.